ಸಾರಮ್ಮನಿಗೆ ಹೇಳಿದ್ದರೇ?

ಸಮೇತನಹಳ್ಳಿ ಚರ್ಚಿನ ಉಪದೇಶಿ ಸಮಾಧಾನಪ್ಪನವರು ಸತ್ಯವೇದದ ಕಥೆ ಹೇಳಲು ಕೂತರೆ ಬೇರೆ ಮತದವರೂ ಬಂದು ಕೇಳುತ್ತಿದ್ದರು. ಗ್ರಂಥ ಒಂದೇ ಸಾಲಿನಲ್ಲಿ ದಾಟಿಹೋದದ್ದನ್ನು ಅವರು ಕಣ್ಣಾರೆ ಕಂಡವರಂತೆ ಬಿಡಿಸಿ ಹೇಳುವರು.

ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಅವರ ಒಬ್ಬನೇ ಮಗ ಜೀವರತ್ನ ಯುದ್ಧಕ್ಕೆ ಹೋಗಲು ಪಟಾಲಮ್ಮಿಗೆ ಸೇರುತ್ತೇನೆಂದು ಹಟ ಹಿಡಿದ. ಅಪ್ಪ ಒಪ್ಪಿದರು. ಹೆಂಡತಿ ಅಕ್ಕಯ್ಯಮ್ಮ ಒಪ್ಪುವವಳಲ್ಲ. ಅವಳಿಗೆ, ಬೆಂಗಳೂರಿನ ದಂಡುಪ್ರದೇಶದ ಪಾದ್ರಿಗಳನ್ನು ನೋಡಿಬರುತ್ತೇವೆ ಎಂದರು. ಮಗನಿಗೆ, "ಅಮ್ಮಂಗೆ ಹೇಳಿದೀನಿ, ನೀನು ಮಾತೆತ್ತಿ ಅಳಿಸ್ಬೇಡ" ಎಂದರು. ಮುಂಜಾನೆ ಇಬ್ಬರೂ ಬೆಂಗಳೂರಿಗೆ ಹೊರಟರು. ಸಂಜೆ ಸಮಾಧಾನಪ್ಪನವರು ಒಬ್ಬರೇ ಬಂದು ನಿಜ ಹೇಳಿದರು. ಅಕ್ಕಯ್ಯಮ್ಮ ಅಳಲಿಲ್ಲ. ಮಗನಿಗೆಂದು ತೆಗೆದಿಟ್ಟಿದ್ದ ಮುದ್ದೆಯನ್ನು ಎತ್ತಿಕೊಂಡು ಹೋಗಿ ಹಸುವಿಗೆ ಹಾಕಿದಳು.

ಮಳೆಗಾಲದ ಒಂದು ಭಾನುವಾರ, ದೇವರ ಅಪ್ಪಣೆಯಂತೆ ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಬೆಳಗ್ಗೆ ಎದ್ದು ಹೊರಟ, ಕಡೇ ಗಳಿಗೆಯಲ್ಲಿ ದೇವರೇ ಅವನ ಕೈ ತಡೆದ ಕಥೆ ಬಂತು. ತಾಯಿ ಸಾರಳು ನಗುಮುಖದಿಂದ ಕಳಿಸಿಕೊಟ್ಟಳು ಎಂದರು ಉಪದೇಶಿಗಳು.

ಹೆಂಗಸರ ಸಾಲಿನಲ್ಲಿದ್ದ ಅಕ್ಕಯ್ಯಮ್ಮ ಕೇಳಿದಳು, "ಹಂಗಂತ ಬರ್ದೈತಾ?"

"ಬರೆದಿಲ್ಲ. ಹಂಗಿದ್ದಿರ್ಬೇಕು ಅಂತ ನಾವು ತಿಳ್ಕೋಬೇಕು."

"ಸಾರಮ್ಮಂಗೆ ಹೇಳ್ದಂಗೆ ಕರ್ಕೊಂಡೋಗಿದ್ರೂ ಹೋಗಿರ್ಬೌದಲ್ಲ. ಆಮೇಲೆ ಆಯಮ್ಮ ಏನಾದ್ಲು?"

ಮುಂದಿನ ಅಧ್ಯಾಯದಲ್ಲೇ ಸಾರಳ ಸಾವಿನ ಮಾತಿದೆ. ಸಮಾಧಾನಪ್ಪನವರು ಕೀರ್ತನೆ ಎತ್ತಿಕೊಂಡರು.

ತಪ್ಪಾಯಿತು ಎಂದು ಹೇಳಲು ಅವರಿಗೆ ಮೂರು ವರ್ಷ ಇತ್ತು. ಮಗ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಸುಮ್ಮನಿದ್ದರು. ನಲವತ್ತೈದರ ಬೇಸಿಗೆಯಲ್ಲಿ ಅಕ್ಕಯ್ಯಮ್ಮ ಚಳಿಜ್ವರದಲ್ಲಿ ಮಲಗಿದಳು. "ಹೇಳಿದ್ರೆ ಬ್ಯಾಡ ಅಂತಿದ್ದೆ, ಜಗಳ ಆಡ್ತಿದ್ದೆ," ಎಂದಳು ಒಮ್ಮೆ. "ಆಮೇಲೆ ಅವ್ನ ತಲೆಗೆ ಎಣ್ಣೆ ಹಚ್ಚಿ ಕಳಿಸ್ತಿದ್ದೆ." ಆ ವಾರವೇ ತೀರಿಕೊಂಡಳು.

ಯುದ್ಧ ಮುಗಿದು, ಮರುವರ್ಷ ಜೀವರತ್ನ ಬರ್ಮಾದಿಂದ ಜೀವಸಹಿತ ಬಂದ. "ನಾನು ಹೊರಟಾಗ ಅಮ್ಮ ಯಾಕಪ್ಪಾ ಬಾಗ್ಲಿಗೂ ಬರ್ಲಿಲ್ಲ?" ಎಂದು ಕೇಳಿದ.

ಏನಾದರೊಂದು ಹೇಳಬಹುದಿತ್ತು. ಸಮಾಧಾನಪ್ಪನವರು, "ಅವಳಿಗೆ ಗೊತ್ತೇ ಇರ್ಲಿಲ್ಲ ಕಣಪ್ಪ. ನಾನು ಹೇಳಿರ್ಲಿಲ್ಲ," ಎಂದರು.

"ಇಷ್ಟು ವರ್ಷ ಅವಳ ಮೇಲೆ ಮುನಿಸ್ಕೊಂಡಿದ್ನಲ್ಲಪ್ಪಾ ನಾನು," ಎಂದ ಅವನು.

ಕೆಲವೇ ದಿನಗಳಲ್ಲಿ ಅವನು ಕೋಲಾರದ ಚಿನ್ನದ ಗಣಿಗೆ ಕೆಲಸಕ್ಕೆ ಹೋದ. ಕ್ರಿಸ್‌ಮಸ್ಸಿಗೆ ಬಂದಾಗಲೆಲ್ಲ ತಾಯಿಯ ಸಮಾಧಿಯ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು, ಅಪ್ಪನಿಗೆ ತಂದ ಪಂಚೆಯನ್ನು ಜಗುಲಿಯ ಮೇಲಿಟ್ಟು, ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಿದ್ದ.