ಸಭೆ, ಧರ್ಮಸಭೆ ಮತ್ತು ಫ್ಯಾನಿನ ಕೆಳಗಿನ ಕುರ್ಚಿ

ನನ್ನ ಮಗಳು ಕಥೋಲಿಕರ ಹುಡುಗನನ್ನು ಮದುವೆಯಾದಾಗ ಎರಡೂ ಮನೆಯವರು ದೊಡ್ಡ ಮನಸ್ಸು ಮಾಡಿದೆವು. ನಮ್ಮದು ತಲೆಮಾರುಗಳಿಂದ ಪ್ರೊಟೆಸ್ಟಂಟ್ ಮನೆತನ. ಆ ದೊಡ್ಡ ಮನಸ್ಸು ಮದುವೆಯ ಬಿರಿಯಾನಿ ಅರಗುವವರೆಗೆ ಉಳಿಯಿತು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಮಗಳ ಮನೆಯಲ್ಲಿ ಊಟಕ್ಕೆ ಸೇರುವ ರೂಢಿಯಾಯಿತು. ಯುರೋಪಿನವರು ಬಡಿದಾಡಿ ಸುಸ್ತಾಗಿ ಬಿಟ್ಟುಹೋದ ಜಗಳವನ್ನು ನಾನೂ ನನ್ನ ಬೀಗಿತ್ತಿಯೂ ಸಾರಿನ ಪಾತ್ರೆಯ ಆಚೀಚೆ ಕೂತು ಮುಂದುವರಿಸಿದೆವು.

ನಾನು ಬೆಂಗಳೂರಿನ ಕುಕ್ ಟೌನಿನವಳು, ನಿವೃತ್ತ ಕನ್ನಡ ಟೀಚರ್. ಬೀಗಿತ್ತಿ ಮರ್ಫಿ ಟೌನಿನವರು. ಮನೆಮಾತು ತಮಿಳಾದರೂ ನನ್ನನ್ನು ಸೋಲಿಸಲು ಬೇಕಾದಷ್ಟು ಕನ್ನಡ ಅವರಿಗೆ ಬರುತ್ತದೆ. ಜಗಳ ಶುರುವಾದದ್ದೇ ಒಂದು ಪದದಿಂದ. ಚರ್ಚಿಗೆ ನಾವು ‘ಸಭೆ’ ಅಂದರೆ ಅವರು ‘ಧರ್ಮಸಭೆ’ ಅನ್ನುತ್ತಾರೆ. ನಾನು ಅಷ್ಟಕ್ಕೇ ಸಮಾಸ ಬಿಡಿಸಿ ಪಾಠ ಹೇಳಿದೆ. ‘ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನ, ಅಂದ್ರೆ ಸಭೆಯೇ ಮುಖ್ಯ. ಸಭೆ ಅಂದ್ರೆ ಜನ. ಕಟ್ಟಡ ಅಲ್ಲ, ಬಿಷಪ್ಪೂ ಅಲ್ಲ, ರೋಮೂ ಅಲ್ಲ. ನಾಲ್ಕು ಜನ ಯೇಸುವಿನ ಹೆಸರಲ್ಲಿ ಮರದ ಕೆಳಗೆ ಕೂತ್ರೂ ಅದು ಸಭೆಯೇ.’

ಬೀಗಿತ್ತಿ ಮೀನಿನ ಮುಳ್ಳು ಬಿಡಿಸುತ್ತ ಹೇಳಿದರು, ‘ಕೂತ್ಕೋತೀರ ಬೀಗ್ರೇ. ಎದ್ದು ಹೋಗೋವಾಗ ಒಬ್ಬೊಬ್ರು ಒಂದೊಂದು ದಿಕ್ಕು. ನಿಮ್ಮಲ್ಲಿ ಇಬ್ರು ಜಗಳ ಆಡಿದ್ರೆ ಮೂರನೇ ಸಭೆ ಹುಟ್ಕೊಳುತ್ತೆ. ನಮ್ಮಲ್ಲಿ ಎಷ್ಟೇ ಜಗಳ ಆಡಿದ್ರೂ ಮನೆ ಒಂದೇ. ಮೊದಲನೇ ಪೋಪ್ ಪೇತ್ರನಿಂದ ಇವತ್ತಿನವರೆಗೂ ಒಂದೇ ಮನೆ.’

‘ಮನೆ ಒಂದೇ, ಆದ್ರೆ ಮಾತಾಡೋರೂ ಒಬ್ರೇ’ ಎಂದೆ. ಅವತ್ತು ಮಗಳು ಪಾಯಸ ಬಡಿಸಲಿಲ್ಲ.

ಹೀಗೆ ಮರದ ಕೆಳಗಿನ ಸಭೆಯ ಮಹಿಮೆಯನ್ನು ನಾನು ಎರಡು ಮೂರು ವರ್ಷ ಸಾರಿರಬಹುದು. ಆಮೇಲೊಂದು ಮಳೆಗಾಲದಲ್ಲಿ ನಮ್ಮ ದೇವಾಲಯದ ಚಾವಣಿಯಿಂದ ಗಾರೆ ಉದುರಿತು. ಅದೃಷ್ಟಕ್ಕೆ ಒಳಗೆ ಯಾರೂ ಇರಲಿಲ್ಲ. ರಿಪೇರಿ ಮುಗಿಯುವವರೆಗೆ ಭಾನುವಾರದ ಆರಾಧನೆಯನ್ನು ಹೊರಮಾವಿನ ಒಂದು ಮದುವೆ ಛತ್ರಕ್ಕೆ ಸಾಗಿಸಿದರು.

ಮೊದಲ ಭಾನುವಾರ ಹೋದೆ. ಹಿಂದಿನ ದಿನದ ರಿಸೆಪ್ಷನ್ನಿನ ಸೇವಂತಿಗೆ ಇನ್ನೂ ವೇದಿಕೆಯ ಮೇಲೆ ತೂಗುತ್ತಿತ್ತು. ಗಂಡು ಹೆಣ್ಣು ಕೂರುವ ಕೆಂಪು ಸಿಂಹಾಸನಗಳ ನಡುವೆ ನಿಂತು ನಮ್ಮ ಪಾದ್ರಿ ಅಯ್ಯನವರು ಪ್ರಸಂಗ ಮಾಡಿದರು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ. ಬಣ್ಣದ ಗಾಜಿನ ಕಿಟಕಿಯಿಲ್ಲ, ಬೆಳಕಿಲ್ಲ, ನನ್ನ ತಾಯಿ ಕೂರುತ್ತಿದ್ದ, ಈಗ ನಾನು ಕೂರುವ ಬೆಂಚಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ದೇವರ ಮೇಲೆ ಮನಸ್ಸು ನಿಲ್ಲಿಸಲು ನೋಡಿದೆ. ಮನಸ್ಸು ಜಾರಿತು, ಕುರ್ಚಿಯೂ ಜಾರಿತು. ಮುಂದಿನ ಎರಡು ಭಾನುವಾರ ಮಂಡಿನೋವೆಂದು ಮನೆಯಲ್ಲೇ ಉಳಿದೆ.

ಬೀಗಿತ್ತಿಯ ಫೋನ್ ಬಂತು. ‘ಏನ್ ಬೀಗ್ರೇ, ಮಂಡಿ ನೋವಾ, ಕಟ್ಟಡದ ನೋವಾ?’

‘ಮಂಡಿದೇ ರೀ.’

‘ಸರಿ. ಈ ಭಾನುವಾರ ನಾನು ನಮ್ಮ ಚರ್ಚಿನ ಬೆಳಗಿನ ಪೂಜೆ ಮುಗಿಸ್ಕೊಂಡು ಆಟೋ ತರ್ತೀನಿ. ಮರದ ಕೆಳಗಿನ ಸಭೆ ಹೆಂಗಿರುತ್ತೆ ಅಂತ ನೋಡ್ಬೇಕು.’

ಬೇಡವೆನ್ನಲು ದಾರಿಯಿರಲಿಲ್ಲ. ಆ ಭಾನುವಾರ ಬೇಗ ಹೋಗಿ ಫ್ಯಾನಿನ ಕೆಳಗಿನ ಎರಡು ಕುರ್ಚಿ ಹುಡುಕಿದೆ. ಒಂದರ ಮೇಲೆ ನನ್ನ ಕೈಚೀಲ, ಇನ್ನೊಂದರ ಮೇಲೆ ಹಾಡಿನ ಪುಸ್ತಕ ಇಟ್ಟು, ಬೀಗಿತ್ತಿಗೆ ಛತ್ರ ತೋರಿಸಲು ಹೋದೆ. ವಾಪಸು ಬಂದಾಗ ಕೈಚೀಲ ನೆಲದ ಮೇಲಿತ್ತು. ಕುರ್ಚಿಯಲ್ಲಿ ಒಬ್ಬ ಯುವತಿ ಕೈಗೂಸಿನೊಂದಿಗೆ ಕೂತಿದ್ದಳು. ಹೊರಮಾವಿನ ಅಪಾರ್ಟ್‌ಮೆಂಟಿನವಳು, ಹೊಸಬಳು.

‘ಇದು ನನ್ನ ಜಾಗ ಕಣಮ್ಮ’ ಎಂದೆ.

‘ಸಾರಿ ಆಂಟಿ, ಮಗೂಗೆ ಸೆಕೆ ಆಗ್ತಿತ್ತು. ಇಲ್ಲಿ ಎಲ್ಲರ ಜಾಗಾನೂ ಒಂದೇ ಅಲ್ವಾ?’

ಅಲ್ಲಿಗೇ ಬಿಡಬಹುದಿತ್ತು. ನಾನು ಬಿಡಲಿಲ್ಲ. ನಮ್ಮ ತಾತನ ಕಾಲದಿಂದ ನಾವು ಈ ಸಭೆಯವರೆಂದೂ, ನಿನ್ನೆ ಮೊನ್ನೆ ಬಂದವರಿಗೆ ಶಿಸ್ತಿಲ್ಲವೆಂದೂ, ಹೀಗಾದರೆ ನಾನು ಬೇರೆ ಸಭೆ ನೋಡಿಕೊಳ್ಳುತ್ತೇನೆಂದೂ ಹೇಳಿದೆ. ನಾಲ್ಕು ಸಾಲಿನ ಜನ ತಿರುಗಿ ನೋಡಿದರು. ಬೇರೆ ಸಭೆಯೆಂಬ ಮಾತು ಬಾಯಿಂದ ಹೊರಟ ಮೇಲೆ ಬೀಗಿತ್ತಿಯ ಮುಖ ನೋಡಿದೆ. ಆ ಪುಣ್ಯಾತ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸೀಲಿಂಗನ್ನು ದಿಟ್ಟಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ಫ್ಯಾನಿಲ್ಲದ ಕಡೆ ಕೂತೆವು.

ಅಂದು ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನವಿತ್ತು. ವೇದಿಕೆಯ ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು, ರೊಟ್ಟಿ, ದ್ರಾಕ್ಷಾರಸ. ಜನ ಮುಂದೆ ಹೋಗಿ ಮಂಡಿಯೂರುತ್ತಿದ್ದರು. ಬೀಗಿತ್ತಿ ಕೂತೇ ಇದ್ದರು. ಇದನ್ನೇ ಅವರು ಪರಮಪ್ರಸಾದ ಅನ್ನುತ್ತಾರೆ, ಕಥೋಲಿಕರಿಗಷ್ಟೇ ಕೊಡುತ್ತಾರೆ. ಅವರ ಚರ್ಚಿಗೆ ಹೋದಾಗಲೆಲ್ಲ ಆ ಸಾಲಿಗೆ ನನ್ನನ್ನು ಸೇರಿಸುವುದಿಲ್ಲವೆಂದು ನಾನು ಮುಖ ಊದಿಸಿಕೊಂಡು ಕೂರುತ್ತಿದ್ದೆ. ಈಗ ಔದಾರ್ಯ ತೋರಿಸುವ ಅವಕಾಶ ಸಿಕ್ಕಿತ್ತು.

‘ಬನ್ನಿ ರೀ, ಇಲ್ಲಿ ಯಾರನ್ನೂ ತಡೆಯಲ್ಲ’ ಎಂದು ಕೈ ಹಿಡಿದೆ.

ಅವರು ನನ್ನ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಏಳಲೂ ಇಲ್ಲ. ‘ನೀವು ತಡೆಯಲ್ಲ ಬೀಗ್ರೇ. ನಾನೇ ಬರಲ್ಲ. ಬಂದ್ರೆ ಇಬ್ರೂ ಒಂದಾಗಿದೀವಿ ಅಂತ ಹೇಳಿದಂಗೆ. ಇನ್ನೂ ಆಗಿಲ್ವಲ್ಲ. ದೇವರ ಮುಂದೆ ಸುಳ್ಳು ಯಾಕೆ? ನೀವು ಹೋಗಿ.’

ಅವರ ದನಿಯಲ್ಲಿ ವಾದವೇ ಇರಲಿಲ್ಲ, ಸಂಕಟ ಇತ್ತು. ಒಬ್ಬಳೇ ಹೋಗಿ ಮಂಡಿಯೂರಿದೆ. ಆಗ ನೋವು ನಿಜವಾಗಿಯೂ ಬಂತು. ಪಕ್ಕದಲ್ಲಿ ಯಾರೋ ಮಂಡಿಯೂರಿದರು. ನೋಡಿದರೆ ಅದೇ ಯುವತಿ, ಭುಜದ ಮೇಲೆ ಮಲಗಿದ ಮಗು. ಏಳುವಾಗ ಅವಳೇ ತನ್ನ ಇನ್ನೊಂದು ಕೈ ಕೊಟ್ಟಳು. ಹಿಡಿದುಕೊಂಡೆ, ಬೇರೆ ಉಪಾಯವಿರಲಿಲ್ಲ.

ಮಗಳ ಮನೆಗೆ ಹೋಗಲು ಆಟೋ ಹತ್ತಿದೆವು. ಆಮೇಲೆ ಬೀಗಿತ್ತಿ, ‘ಆ ಹುಡುಗಿ ಜೊತೆ ಅಷ್ಟು ಜಗಳ ಆಡಿ, ಪಕ್ಕದಲ್ಲೇ ಮಂಡಿ ಊರಿದ್ರಲ್ಲ, ಅದನ್ನ ನೋಡ್ದಾಗ ಅನ್ನಿಸ್ತು ಬೀಗ್ರೇ, ಇಲ್ಲೂ ಏನೋ ಇದೆ ಅಂತ’ ಎಂದರು.

ತಕ್ಷಣ ನನ್ನೊಳಗಿನ ಟೀಚರ್ ಎದ್ದು ಕೂತಳು. ‘ಏನೋ ಅಂದ್ರೆ ಏನು? ಸಭೆ ಇದೆ ಅನ್ನಿ.’

‘ಏನೋ ಇದೆ ಅಂದೆ. ನನ್ ಕೈಲಿ ಅಷ್ಟೇ ಆಗೋದು.’

ಆ ‘ಏನೋ’ವನ್ನು ಬಿಡಿಸಿ ಹೇಳಿಸಲು ಮಗಳ ಮನೆಯ ಗೇಟಿನವರೆಗೂ ಪ್ರಯತ್ನಪಟ್ಟೆ. ಆಟೋದವನು ಮೀಟರಿನ ಮೇಲೆ ಹೆಚ್ಚಿಗೆಯನ್ನೂ ಕೇಳದೆ ಹೊರಟುಹೋದ.

ಚಾವಣಿ ಕೆಲಸ ಕ್ರಿಸ್‌ಮಸ್‌ವರೆಗೂ ಎಳೆಯಿತು. ನಾನು ಛತ್ರಕ್ಕೆ ತಪ್ಪದೆ ಹೋದೆ. ಆ ಯುವತಿಯೇ ಕಾರಿನಲ್ಲಿ ಕರೆದೊಯ್ಯತೊಡಗಿದಳು, ಮಗು ನನ್ನ ಕನ್ನಡಕ ಕಿತ್ತುಕೊಳ್ಳುವಷ್ಟು ಸಲಿಗೆಯಾಯಿತು. ಬೀಗಿತ್ತಿ ಇಂದಿಗೂ ನಮ್ಮ ರೊಟ್ಟಿ ಮುಟ್ಟುವುದಿಲ್ಲ, ನನಗೆ ಅವರ ಸಾಲಿನಲ್ಲಿ ಜಾಗವಿಲ್ಲ. ಅವರ ಚರ್ಚಿಗೆ ಹೋದಾಗ, ಎಲ್ಲರೂ ಎದ್ದು ಹೋದ ಬೆಂಚಿನಲ್ಲಿ ಒಬ್ಬಳೇ ಕೂತಿರುತ್ತೇನೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಬರೀ ಬೇಸರವಾಗುತ್ತದೆ. ಸಿಟ್ಟಿಗಿಂತ ಬೇಸರ ಮೇಲು ಎನ್ನುವಷ್ಟು ಜ್ಞಾನಿಯೇನೂ ನಾನಾಗಿಲ್ಲ. ಸಿಟ್ಟಿನಲ್ಲಾದರೆ ಊಟದ ಹೊತ್ತಿಗೆ ಒಳ್ಳೊಳ್ಳೆ ಪಾಯಿಂಟುಗಳು ಹೊಳೆಯುತ್ತಿದ್ದವು.