ಒದ್ದೆ ಕಾಲಿನ ಅಳತೆ

ಸಮುದ್ರದ ತಳ ನೋಡಲು ಮುರ್ಡೇಶ್ವರಕ್ಕೆ ಹೊರಟವಳು ರೋಣದಲ್ಲಿ ಬಸ್ಸು ಬದಲಿಸುವ ಬಿಡುವಿನಲ್ಲಿ ಪರಿಚಯದ ಚಪ್ಪಲಿ ಅಂಗಡಿಗೆ ಹೋದೆ. ಸಮುದ್ರದಲ್ಲಿ ಈಜುವಾಗ ಕಾಲಿಗೆ ಹಾಕುವ ರಬ್ಬರಿನ ಫಿನ್‌ಗಳನ್ನು, ಯಾವುದು ಸರಿಯೆಂದು ತಿಳಿಯದೆ, ಎರಡು ಅಳತೆಯಲ್ಲಿ ತರಿಸಿ, ಅಲ್ಲಿ ತೋರಿಸಲೆಂದು ಚೀಲದಲ್ಲಿ ತಂದಿದ್ದೆ.

ಅಲ್ಲಿ ಕೂತಿದ್ದ ಗಿರಾಕಿಯೊಬ್ಬರು ನಕ್ಕರು. “ಈ ವಯಸ್ಸಿನ್ಯಾಗ ಇದ್ಯಾಕ್ ಬೇಕಿತ್ರಿ ಅಕ್ಕಾರ?”

ಅಂಗಡಿಯ ಖಾದರಸಾಬರು ನಗಲಿಲ್ಲ. ಸಮುದ್ರವನ್ನೇ ಕಾಣದ ಅವರು ನನ್ನ ಪಾದಗಳ ಮೇಲೆ ಒಂದು ತಂಬಿಗೆ ನೀರು ಸುರಿದರು. “ನೀರಾಗ ಹಾಕೋದನ್ನ ಒದ್ದಿ ಕಾಲಿಗೇ ನೋಡಬೇಕ್ರಿ.”

ದೊಡ್ಡದು ಹಿಮ್ಮಡಿಯಲ್ಲಿ ಜಾರಿತು. ಸಣ್ಣದು ಬೆರಳು ಒತ್ತದೆ ಪಾದವನ್ನು ಮೆತ್ತಗೆ ಹಿಡಿಯಿತು.

“ಇದು ಚಲೋ ಐತಿ. ಇದನ್ನ ಒಯ್ರಿ.”

“ಮತ್ತ ಮುಳುಗಿದ್ರ?” ಎಂದರು ಗಿರಾಕಿ.

ನಾನು ಫಿನ್ ಹಾಕಿಕೊಂಡೇ ಎದ್ದು ನಿಂತೆ. “ಮುಳುಗಾಕನ ಹೊಂಟೇನ್ರಿ.”