ಹಳೆ ವಿದ್ಯಾರ್ಥಿಗಳ ಮೇಡಂ
ಕಾನೂನು ಕಾಲೇಜಿಗೆ ದೇಣಿಗೆ ತರುವ, ಹಳೆ ವಿದ್ಯಾರ್ಥಿಗಳ ನಂಟು ಕಾಯುವ ಮೇಡಂ ಫೋನ್ ಮಾಡಿದರೆ, ಕೋರ್ಟಿನಲ್ಲಿ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸುವ ನ್ಯಾಯಾಧೀಶರೂ ಕುರ್ಚಿ ಬಿಟ್ಟು ಏಳುತ್ತಾರೆ. ತರಗತಿಯಲ್ಲಿ ಯಾರು ಯಾವ ಬೆಂಚಿನಲ್ಲಿ ತೂಕಡಿಸುತ್ತಿದ್ದರು ಎಂಬುದೆಲ್ಲ ಮೇಡಂಗೆ ಬಾಯಿಪಾಠ. "ದೇಣಿಗೆ ಹಾಗಿರಲಿ ಕಣಪ್ಪಾ, ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು" ಎಂದು ಶುರುಮಾಡಿದರೆಂದರೆ, ಫೋನ್ ಇಡುವಷ್ಟರಲ್ಲಿ ಗ್ರಂಥಾಲಯಕ್ಕೆ ನಾಲ್ಕು ಕಪಾಟು ಬಂದಂತೆಯೇ. ಆದರೆ ಪ್ರತಿ ಶುಕ್ರವಾರ ತಪ್ಪದೆ ಅವರು ಮಾತಾಡಿಸುವುದು ಕೊನೆಯ ವರ್ಷ ಫೇಲಾಗಿ, ಈಗ ಹೊಲಿಗೆಯಂತ್ರ ರಿಪೇರಿ ಮಾಡಿಕೊಂಡಿರುವವನೊಬ್ಬನನ್ನು. ಅವನೆದುರು ದೇಣಿಗೆಯ ಸುದ್ದಿಯನ್ನೇ ಎತ್ತುವುದಿಲ್ಲ. ಹೊಸದಾಗಿ ಬಂದ ಗುಮಾಸ್ತೆ ಒಮ್ಮೆ, "ಅವರು ಪಾಸೇ ಆಗಿಲ್ವಲ್ಲ ಮೇಡಂ, ಪಟ್ಟಿಯಿಂದ ಹೆಸರು ತೆಗೀಲಾ?" ಎಂದು ಕೇಳಿದಳು. "ಬೇಡ ಕಣಮ್ಮ" ಎಂದರು ಮೇಡಂ. "ಫೇಲಾದ್ಮೇಲೆ ಅವನ ಗೆಳೆಯರು ಒಬ್ರೂ ಫೋನ್ ಮಾಡಲಿಲ್ಲ. ನಾನೂ ಬಿಟ್ಟುಬಿಟ್ರೆ, ಅವನು ಎಲ್ಲಿ ಓದಿದೆ ಅಂತ ಹೇಳ್ಕೋಬೇಕು?"